ಹಣಕಾಸು ನಿಯಂತ್ರಣ ಅಂದರೆ ಖರ್ಚಿಗೆ ಕತ್ತರಿ ಅಲ್ಲ

ಟೆಲಿಕಾಂ ಕಂಪನಿಯೊಂದು ಸಿಬ್ಬಂದಿಯನ್ನು ಕಡಿಮೆ ಮಾಡಿದರೆ ಸಾಕು, 'ಹಣಕಾಸು ನಿಯಂತ್ರಣ ಬಿಗಿ' ಅಂತ ಸುದ್ದಿ ಬರುತ್ತದೆ. ಟವರ್ ಬಾಡಿಗೆ ಇಳಿಸಿಕೊಂಡರೂ ಅದೇ ಮಾತು, ಜಾಹೀರಾತು ನಿಲ್ಲಿಸಿದರೂ ಅದೇ ಮಾತು. ಅದು ವೆಚ್ಚ ಕಡಿತ ಸ್ವಾಮಿ, ನಿಯಂತ್ರಣ ಅಲ್ಲ.

ನಿಯಂತ್ರಣ ಅಂದ ಕೂಡಲೇ ನಮಗೆ ನೆನಪಾಗುವುದು ಕಡಿವಾಣ. ತಪ್ಪು ಶುರುವಾಗುವುದೇ ಅಲ್ಲಿ. ಲೆಕ್ಕಪತ್ರದವರ 'ಕಂಟ್ರೋಲ್' ಹುಟ್ಟಿದ್ದು ಮಧ್ಯಯುಗದ ಲ್ಯಾಟಿನ್‌ನ 'ಕಾಂಟ್ರಾರೋಟುಲಸ್'ನಿಂದ. ಹಾಗಂದರೆ ಎದುರು ಸುರುಳಿ. ಆಗ ಲೆಕ್ಕ ಬರೆಯುತ್ತಿದ್ದದ್ದು ಸುರುಳಿಗಳಲ್ಲಿ. ಅದೇ ಲೆಕ್ಕದ ಇನ್ನೊಂದು ಸುರುಳಿ ಇಟ್ಟುಕೊಂಡು ಎರಡನ್ನೂ ತಾಳೆ ನೋಡುತ್ತಿದ್ದರು. ಖರ್ಚು ಕಮ್ಮಿ ಮಾಡು ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಟೆಲಿಕಾಂನಲ್ಲಿ ಈ ತಾಳೆ ದಿನನಿತ್ಯದ ಕೆಲಸ. ಕರೆ ಮುಗಿದಾಗ ಸ್ವಿಚ್‌ನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಯಂತ್ರದಲ್ಲಿ, ಒಂದು ದಾಖಲೆ ಹುಟ್ಟುತ್ತದೆ, ಸಿಡಿಆರ್ (ಕಾಲ್ ಡಿಟೇಲ್ ರೆಕಾರ್ಡ್) ಅಂತಾರೆ. ಯಾರು ಯಾರಿಗೆ ಮಾಡಿದರು, ಯಾವಾಗ, ಎಷ್ಟು ಸೆಕೆಂಡು, ಎಲ್ಲ ಅದರಲ್ಲಿರುತ್ತದೆ. ಅದು ಮೀಡಿಯೇಶನ್ (ದಾಖಲೆಗಳನ್ನು ಒಟ್ಟುಗೂಡಿಸಿ ಒಪ್ಪ ಮಾಡುವ ಹಂತ) ದಾಟಿ, ರೇಟಿಂಗ್ (ದರ ಹಾಕುವ ಹಂತ) ದಾಟಿ, ಬಿಲ್ಲಿಂಗ್‌ಗೆ ಬರಬೇಕು. ನಡುವೆ ಈ ದಾಖಲೆಗಳ ಒಂದು ಫೈಲ್ ಸಿಕ್ಕಿಹಾಕಿಕೊಂಡಿತು ಅನ್ನಿ. ಗ್ರಾಹಕ ಮಾತಾಡಿರುತ್ತಾನೆ, ನೆಟ್‌ವರ್ಕ್ ಕೆಲಸ ಮಾಡಿರುತ್ತದೆ, ಬಿಲ್ ಮಾತ್ರ ಆಗಿರುವುದಿಲ್ಲ. ರೆವೆನ್ಯೂ ಲೀಕೇಜ್ ಅನ್ನುವುದು ಇದಕ್ಕೇ. ಅದೇ ಫೈಲ್ ಎರಡು ಸಲ ಹೋದರೆ ಗ್ರಾಹಕನಿಗೆ ಎರಡು ಸಲ ಬರೆ!

ಸ್ವಿಚ್‌ನ ಎಣಿಕೆಯನ್ನೂ ಬಿಲ್ಲಿಂಗ್‌ನ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವುದು ಕಂಟ್ರೋಲ್. ಸಿಸ್ಟಂನಲ್ಲಿ ದರ ಬದಲಿಸುವವರೇ ಅದಕ್ಕೆ ಒಪ್ಪಿಗೆ ಕೊಡಬಾರದು ಅನ್ನುವ ಕಟ್ಟುಪಾಡೂ ಕಂಟ್ರೋಲ್. ಇದಕ್ಕೆಲ್ಲ ಜನ ಬೇಕು, ಸಾಫ್ಟ್‌ವೇರ್ ಬೇಕು. ಖರ್ಚು ಜಾಸ್ತಿಯೇ ಆಗುತ್ತದೆ. ತಾಳೆ ನೋಡುವವರನ್ನೇ ಮನೆಗೆ ಕಳಿಸಿ 'ನಿಯಂತ್ರಣ ಬಿಗಿಯಾಯಿತು' ಅನ್ನುವುದಕ್ಕೆ ಏನು ಹೇಳೋಣ?

ಇನ್ನೊಂದು ಗೊಂದಲ ಇದಕ್ಕಿಂತ ದುಬಾರಿ. ಲಾಭ ಚೆನ್ನಾಗಿದೆ ಅಂದಮೇಲೆ ನಿಯಂತ್ರಣವೂ ಚೆನ್ನಾಗಿರಲೇಬೇಕಲ್ವಾ ಅನ್ನುವವರಿದ್ದಾರೆ. ಅಮೆರಿಕದ ಟೆಲಿಕಾಂ ಕಂಪನಿ ವರ್ಲ್ಡ್‌ಕಾಮ್ ಕಥೆ ನೋಡಿ. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಡುವ ದುಡ್ಡು ಆಗಿಂದಾಗಲೇ ತೋರಿಸಬೇಕಾದ ಖರ್ಚು. ವರ್ಲ್ಡ್‌ಕಾಮ್ ಅದನ್ನು ಬಂಡವಾಳ ವೆಚ್ಚ ಅಂತ ಬರೆದು ಆಸ್ತಿಯ ಲೆಕ್ಕಕ್ಕೆ ಸೇರಿಸಿತು. ಖರ್ಚು ಕಾಣೆಯಾಯಿತು, ಲಾಭ ಉಬ್ಬಿತು. ಹೊರಗಿನ ಆಡಿಟರ್ ಸಹಿ ಹಾಕಿದ್ದರು. ಹಿಡಿದದ್ದು ಸಿಂಥಿಯಾ ಕೂಪರ್ ನೇತೃತ್ವದ ಕಂಪನಿಯದೇ ಆಂತರಿಕ ಆಡಿಟ್ ತಂಡ. 2002ರ ಜೂನ್‌ನಲ್ಲಿ ಬಯಲಾದದ್ದು ಸುಮಾರು 380 ಕೋಟಿ ಡಾಲರ್. ಕೆದಕುತ್ತಾ ಹೋದಂತೆ ಒಟ್ಟು ಮೊತ್ತ 1,100 ಕೋಟಿ ಡಾಲರ್ ಆಸುಪಾಸಿಗೆ ಹೋಯಿತು. ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇಂಧನ ಕಂಪನಿ ಎನ್ರಾನ್, ವರ್ಲ್ಡ್‌ಕಾಮ್ ಇವೆರಡರ ಲೆಕ್ಕದ ಹಗರಣಗಳ ಬೆನ್ನಲ್ಲೇ ಅದೇ ತಿಂಗಳು ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ಹಣಕಾಸು ವರದಿಯ ಮೇಲಿನ ಕಂಟ್ರೋಲ್‌ಗಳು ಸರಿಯಾಗಿವೆಯೇ ಅಂತ ಕಂಪನಿಯ ಆಡಳಿತವೇ ಪರೀಕ್ಷಿಸಿ ಹೇಳಬೇಕು ಅನ್ನುವುದು ಅದರ 404ನೇ ಸೆಕ್ಷನ್.

ಉಲ್ಟಾನೂ ನಿಜ. ದರ ಸಮರಕ್ಕೆ ಬಿದ್ದು ಒಬ್ಬ ಗ್ರಾಹಕನಿಂದ ಬರುವ ಸರಾಸರಿ ಆದಾಯ, ಅಂದರೆ ಆರ್ಪು, ಕುಸಿದರೆ ಒಂದೂ ಸಿಡಿಆರ್ ತಪ್ಪದಿದ್ದರೂ ನಷ್ಟ ನಷ್ಟವೇ. ಅಂಥ ಕಂಪನಿಗೆ 'ನಿಯಂತ್ರಣ ಇಲ್ಲ' ಅಂತ ಸುಮ್ನೆ ಹಣೆಪಟ್ಟಿ ಕಟ್ಟುತ್ತಾರೆ. ಅದರ ತೊಂದರೆ ಮಾರುಕಟ್ಟೆಯಲ್ಲಿದೆ, ಲೆಕ್ಕದಲ್ಲಲ್ಲ.