ಮ್ಯಾಮೊಗ್ರಾಮ್ ಜೊತೆಗೆ ಎಂಆರ್‌ಐ ಕೂಡ ಬೇಕೇ?

ಪ್ರಶ್ನೆ: ನನಗೆ 46ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗಿ, ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ನೀಡಿದರು. ಈಗ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸುತ್ತಿದ್ದೇನೆ. ಅದರ ಜೊತೆಗೆ ಎಂಆರ್‌ಐ ಕೂಡ ಮಾಡಿಸಬೇಕೇ?

ಉತ್ತರ: ಚಿಕಿತ್ಸೆ ಮುಗಿಸಿದ ಎಲ್ಲರಿಗೂ ಬೇಕಿಲ್ಲ. ಆದರೆ ನೀವು ತಿಳಿಸಿರುವ ವಯಸ್ಸನ್ನು ಗಮನಿಸಿದರೆ, ಈ ವಿಷಯವನ್ನು ನಿಮ್ಮ ವೈದ್ಯರಲ್ಲಿ ಪ್ರಸ್ತಾಪಿಸಲು ಸಕಾರಣವಿದೆ.

ಎಂಆರ್‌ಐ ಎಂದರೆ ಮ್ಯಾಮೊಗ್ರಾಮಿಗಿಂತ ಒಂದು ಮೆಟ್ಟಿಲು ಮೇಲಿನ ಪರೀಕ್ಷೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ವಾಸ್ತವದಲ್ಲಿ ಎರಡೂ ನೋಡುವುದು ಬೇರೆ ಬೇರೆ ಸಂಗತಿಗಳನ್ನು. ಮ್ಯಾಮೊಗ್ರಾಮ್ ಒಂದು ಎಕ್ಸ್‌ರೇ. ಅದರಲ್ಲಿ ಕೊಬ್ಬು ಕಪ್ಪಾಗಿಯೂ ಗ್ರಂಥಿಗಳ ಅಂಗಾಂಶ ಬೆಳ್ಳಗೂ ಕಾಣುತ್ತದೆ. ಗಡ್ಡೆಯೂ ಬೆಳ್ಳಗೇ ಕಾಣುವುದರಿಂದ, ಅಂಗಾಂಶ ಸಾಂದ್ರವಾಗಿರುವ ಸ್ತನದಲ್ಲಿ ಅದನ್ನು ಹುಡುಕುವುದು ಸುಣ್ಣ ಬಳಿದ ಗೋಡೆಯ ಮೇಲೆ ಸುಣ್ಣದ ಚುಕ್ಕೆಯನ್ನು ಹುಡುಕಿದಂತೆ. ಹಾಗಿದ್ದರೂ, ಕೆಲವು ಆರಂಭಿಕ ಕ್ಯಾನ್ಸರ್‌ಗಳ ಏಕೈಕ ಸುಳಿವಾಗಿರಬಹುದಾದ ಅತಿ ಸಣ್ಣ ಕ್ಯಾಲ್ಸಿಯಂ ಕಣಗಳನ್ನು ತೋರಿಸುವುದು ಮ್ಯಾಮೊಗ್ರಾಮೇ. ಎಂಆರ್‌ಐ ಅವುಗಳನ್ನು ನೇರವಾಗಿ ತೋರಿಸಲಾರದು. ಆದ್ದರಿಂದ ಎಂಆರ್‌ಐ ಮಾಡಿಸಿದವರೂ ಮ್ಯಾಮೊಗ್ರಾಮ್ ಬಿಡುವಂತಿಲ್ಲ.

ಎಂಆರ್‌ಐ ಹುಡುಕುವುದು ರಕ್ತದ ಹರಿವಿನ ಗುರುತನ್ನು. ಬೆಳೆಯುವ ಗಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಅವಸರದಲ್ಲಿ ಕಟ್ಟಿಕೊಳ್ಳುತ್ತದೆ. ಅವು ಸೋರುವ ನಾಳಗಳು. ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ದ್ರಾವಣವನ್ನು ಚುಚ್ಚಿದಾಗ, ಅದು ಆ ನಾಳಗಳಿಂದ ಹೊರಬಂದು ಒಂದೆರಡು ನಿಮಿಷಗಳಲ್ಲೇ ಗಡ್ಡೆಯನ್ನು ಬೆಳಗಿಸುತ್ತದೆ. ನಿಮ್ಮಂತಹವರಿಗೆ ಇದರಿಂದ ಇನ್ನೊಂದು ಉಪಯೋಗವೂ ಉಂಟು: ಶಸ್ತ್ರಚಿಕಿತ್ಸೆಯ ಹಳೆಯ ಕಲೆ ಮತ್ತು ಅದೇ ಜಾಗದಲ್ಲಿ ಮರುಕಳಿಸಿದ ಕ್ಯಾನ್ಸರ್ ಎರಡೂ ಮ್ಯಾಮೊಗ್ರಾಮಿನಲ್ಲಿ ಒಂದೇ ಬಗೆಯಾಗಿ ಕಾಣಬಹುದಾದರೂ, ವರ್ಷಗಳು ಕಳೆದ ಕಲೆ ಸಾಮಾನ್ಯವಾಗಿ ಈ ದ್ರಾವಣವನ್ನು ಹೀರಿಕೊಳ್ಳುವುದಿಲ್ಲ.

ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2018ರಲ್ಲಿ ನೀಡಿದ ಶಿಫಾರಸಿನ ಪ್ರಕಾರ, 50 ವರ್ಷಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಪತ್ತೆಯಾದವರಿಗೆ ಮತ್ತು ಸ್ತನ ಕ್ಯಾನ್ಸರ್ ಬಂದು ಹೋಗಿ ಸಾಂದ್ರ ಅಂಗಾಂಶವೂ ಇರುವವರಿಗೆ ವರ್ಷಕ್ಕೊಮ್ಮೆ ಎಂಆರ್‌ಐ ಸೂಕ್ತ. ಬಿಆರ್‌ಸಿಎ ವಂಶವಾಹಿಯಲ್ಲಿ, ಅಂದರೆ ಸ್ತನ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುವಂಥ, ದೋಷವಿರುವವರ ವಿಷಯದಲ್ಲಂತೂ, ಎರಡೂ ಸ್ತನಗಳನ್ನು ತೆಗೆಸಿಕೊಂಡಿಲ್ಲವಾದರೆ, ಎಂಆರ್‌ಐ ಬೇಕೆಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಉಳಿದವರಿಗೆ ಮ್ಯಾಮೊಗ್ರಾಮ್ ಸಾಕೆನ್ನುವ ವೈದ್ಯರೂ ಇದ್ದಾರೆ, ಅದಕ್ಕೂ ಆಧಾರವಿದೆ.

2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ದೊಡ್ಡ ಅಧ್ಯಯನವನ್ನು ಈ ಚರ್ಚೆಯಲ್ಲಿ ಆಗಾಗ ಉಲ್ಲೇಖಿಸಲಾಗುತ್ತದೆ. ಅದರಲ್ಲಿ, ಎರಡು ತಪಾಸಣೆಗಳ ನಡುವೆ ತಲೆದೋರುವ ಕ್ಯಾನ್ಸರ್‌ಗಳ ಪ್ರಮಾಣ ಮ್ಯಾಮೊಗ್ರಾಮ್ ಮಾತ್ರ ಪಡೆದ ಗುಂಪಿನಲ್ಲಿ ಸಾವಿರಕ್ಕೆ 5 ಇದ್ದರೆ, ಎಂಆರ್‌ಐಗೂ ಆಹ್ವಾನ ಪಡೆದ ಗುಂಪಿನಲ್ಲಿ 2.5 ಇತ್ತು. ಆದರೆ ಅವರೆಲ್ಲ ಅತಿ ಸಾಂದ್ರ ಸ್ತನವಿದ್ದ, 50ರಿಂದ 75 ವರ್ಷದೊಳಗಿನ ಮಹಿಳೆಯರು. ಚಿಕಿತ್ಸೆ ಮುಗಿಸಿದವರನ್ನು ಗುರಿಯಾಗಿಟ್ಟುಕೊಂಡ ಅಧ್ಯಯನ ಅದಲ್ಲ. ಜೊತೆಗೆ, ಎಂಆರ್‌ಐ ಮಾಡಿಸಿಕೊಂಡವರಲ್ಲಿ ಸಾವಿರಕ್ಕೆ ಸುಮಾರು 80 ಮಂದಿಗೆ ಮೊದಲ ಸುತ್ತಿನಲ್ಲಿ ಸುಳ್ಳು ಎಚ್ಚರಿಕೆ ಬಂತು. ಒಮ್ಮೆ ಕ್ಯಾನ್ಸರ್ ಅನುಭವಿಸಿದವರಿಗೆ ಬಯಾಪ್ಸಿಯ ವರದಿ ಬರುವವರೆಗಿನ ಆ ಕೆಲವು ದಿನಗಳು ಹೇಗಿರುತ್ತವೆ ಎಂಬುದು ಯಾವ ಅಂಕಿ ಅಂಶದಲ್ಲೂ ಸೇರುವುದಿಲ್ಲ.

ನಿಮ್ಮ ಹಿಂದಿನ ಮ್ಯಾಮೊಗ್ರಾಮ್ ವರದಿಯಲ್ಲಿ ಸಾಂದ್ರತೆಯನ್ನು ಎ, ಬಿ, ಸಿ, ಡಿ ಎಂದು ನಮೂದಿಸಿರಬಹುದು. ಸಿ ಮತ್ತು ಡಿ ಎಂದರೆ ಸಾಂದ್ರವೆಂದರ್ಥ. ವೈದ್ಯರ ಬಳಿ ಮಾತು ಆರಂಭಿಸಲು ಆ ಒಂದು ಅಕ್ಷರ ಸಾಕು. ಎಂಆರ್‌ಐ ಮಾಡಿಸುವುದೆಂದು ತೀರ್ಮಾನವಾದರೆ, ಪೇಸ್‌ಮೇಕರ್, ದೇಹದೊಳಗಿನ ಲೋಹ, ಮೂತ್ರಪಿಂಡದ ತೊಂದರೆ ಅಥವಾ ಇಕ್ಕಟ್ಟಿನ ಜಾಗದ ಭಯವಿದ್ದಲ್ಲಿ ಮೊದಲೇ ತಿಳಿಸಿ. ಅರ್ಧ ಗಂಟೆಗೂ ಹೆಚ್ಚು ಕಾಲ ಬೋರಲಾಗಿ, ಅಲುಗಾಡದೆ ಮಲಗಿರಬೇಕಾಗುತ್ತದೆ. ಮುಟ್ಟು ಇನ್ನೂ ನಿಂತಿಲ್ಲವಾದರೆ, ಮುಟ್ಟಾದ 7ರಿಂದ 14ನೇ ದಿನದೊಳಗೆ ಸಮಯ ಗೊತ್ತುಪಡಿಸಿಕೊಳ್ಳುವುದು ಒಳಿತು, ಏಕೆಂದರೆ ಉಳಿದ ದಿನಗಳಲ್ಲಿ ಸಹಜ ಅಂಗಾಂಶವೂ ಬೆಳಗಿ ಗೊಂದಲ ಉಂಟುಮಾಡುತ್ತದೆ. ಹಳೆಯ ಚಿತ್ರಗಳನ್ನು ವರದಿಗಳ ಸಮೇತ ಒಯ್ಯಿರಿ. ಹೊಸದಾಗಿ ಕಂಡದ್ದು ನಿಜಕ್ಕೂ ಹೊಸದೇ ಎಂಬುದನ್ನು ರೇಡಿಯಾಲಜಿಸ್ಟ್ ನಿರ್ಧರಿಸುವುದು ಅವುಗಳ ಪಕ್ಕದಲ್ಲಿಟ್ಟು ನೋಡಿಯೇ.