ಆ ತಗಡನ್ನು ತಿಕ್ಕಬೇಡಿ

ಕಳೆದ ವಾರ ನಿಪ್ಪಾಣಿ ಕಡೆಯ ಒಬ್ಬರು ಬಂದರು. ಚೀಲದಿಂದ ರಾಜದೂತ್ ಬೈಕಿನ ಹಳೆಯ ನಂಬರ್ ಪ್ಲೇಟ್ ತೆಗೆದು ಮುಂದಿಟ್ಟು, “ಕಾಕಾ, ಅಪ್ಪನ ಗಾಡಿಯದು. ಫಳಫಳ ಹೊಳೆಯುವಂತೆ ಮಾಡಿಕೊಡಿ, ಗೋಡೆಗೆ ಹಾಕಬೇಕು” ಎಂದರು. ಬರುವ ಮೊದಲೇ ಉಪ್ಪುಕಾಗದ ಹಿಡಿದು ಎಡಭಾಗವನ್ನೆಲ್ಲ ತಿಕ್ಕಿದ್ದರು. ಅಲ್ಲಿ ಬರೀ ತಗಡು ಉಳಿದಿತ್ತು. ನಾನು ಚಹಾ ತರಿಸಿದೆ. ಬೈಯುವ ಮೊದಲು ಚಹಾ ಕುಡಿಸುವುದು ನನ್ನ ರೂಢಿ.

ಬೆಳಗಾವಿಯಲ್ಲಿ ನಂಬರ್ ಬರೆದೇ ಸಂಸಾರ ನಡೆಸಿದವನು ನಾನು. ಮೊದಲು ಸ್ಟಿಕ್ಕರ್ ಬಂದು ಅರ್ಧ ಹೊಟ್ಟೆಗೆ ಹೊಡೆಯಿತು, ಆಮೇಲೆ ಎಚ್‌ಎಸ್‌ಆರ್‌ಪಿ, ಅಂದರೆ ಅಂಕಿಗಳನ್ನು ಅಚ್ಚೊತ್ತಿಯೇ ಬರುವ ಅತಿ ಸುರಕ್ಷಿತ ನಂಬರ್ ಪ್ಲೇಟ್ ಬಂತು. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ಗಾಡಿಗಳಿಗೂ ಅದನ್ನು ಹಾಕಿಸಬೇಕೆಂದು 2023ರಲ್ಲಿ ಸರ್ಕಾರ ಆದೇಶಿಸಿದ ಮೇಲೆ ಹಳೆಯ ಫಲಕಗಳು ಗುಜರಿ ಸೇರತೊಡಗಿದವು. ಅವನ್ನು ಆರಿಸುವ ಹವ್ಯಾಸಿಗಳೂ ಹುಟ್ಟಿಕೊಂಡರು. ಕೆಲವರಿಗೆ ಮೈಸೂರು ರಾಜ್ಯದ ಕಾಲದ ‘ಎಂವೈ’ ಬೇಕು. ಕೆಲವರಿಗೆ ಖಯಾಲಿಯವೇ ಬೇಕು: 214 ಅನ್ನು ದೇವನಾಗರಿಯ ‘ರಾಮ’ನಂತೆ, 4141 ಅನ್ನು ‘ದಾದಾ’ನಂತೆ ತಿರುಚಿ ಬರೆಸಿದವು. ನಿಯಮಕ್ಕೆ ವಿರುದ್ಧವೆಂದು ಗೊತ್ತಿದ್ದೂ ಅಂಥವನ್ನು ನಾನೂ ಬರೆದುಕೊಟ್ಟಿದ್ದೇನೆ. ಯಾರಿಗೆ ಯಾವುದು ಪ್ರೀತಿಯೋ ಅದನ್ನು ಕೂಡಿಡಲಿ, ತಕರಾರಿಲ್ಲ. ತಿಕ್ಕುವುದಕ್ಕೆ ಮಾತ್ರ ತಕರಾರು.

ಕೈಯಿಂದ ಬರೆದ ಫಲಕದ ಮೇಲೆ ಕಾಣುವುದು ಒಂದು ನಂಬರ್, ಇರುವುದು ಅನೇಕ ಸಲ ಎರಡು. ನಮ್ಮದು ಗಡಿಭಾಗ. ಕೊಲ್ಹಾಪುರದ ಎಂಎಚ್-09 ಗಾಡಿಯನ್ನು ನಿಪ್ಪಾಣಿಯವರು ಕೊಂಡರೆ ಅದು ಚಿಕ್ಕೋಡಿಯ ಕೆಎ-23 ಆಗುತ್ತಿತ್ತು; ಸೊಲ್ಲಾಪುರದ ಎಂಎಚ್-13 ವಿಜಯಪುರಕ್ಕೆ ಬಂದು ಕೆಎ-28. ನಂಬರ್ ಬದಲಾದರೆ ತಗಡನ್ನೂ ಬದಲಿಸಲು ಯಾರಿಗೆ ಮನಸ್ಸು? ಹಳೆಯದರ ಮೇಲೆ ಕಪ್ಪು ಬಳಿದು, ಒಣಗಿದ ಮೇಲೆ ಬಿಳಿಯಲ್ಲಿ ಹೊಸ ನಂಬರ್ ಬರೆಯುತ್ತಿದ್ದೆವು. ಎನಾಮಲ್ ಅಕ್ಷರಕ್ಕೆ ಸ್ವಲ್ಪ ಉಬ್ಬು ಇರುತ್ತದೆ. ಮೇಲೆ ಎಷ್ಟು ಬಳಿದರೂ ಆ ಉಬ್ಬು ಪೂರ್ತಿ ಅಡಗುವುದಿಲ್ಲ. ಕೋಣೆಯ ದೀಪ ಆರಿಸಿ, ತಗಡಿನ ಅಂಚಿನಿಂದ ಟಾರ್ಚನ್ನು ಅಡ್ಡ ಹಿಡಿಯಿರಿ. ನೆರಳಿನಲ್ಲಿ ಕೆಳಗಿನ ನಂಬರ್ ಎದ್ದು ಬರುತ್ತದೆ. ಉಪ್ಪುಕಾಗದಕ್ಕೆ ಮೊದಲು ಬಲಿಯಾಗುವುದೇ ಈ ಉಬ್ಬು. ಥಿನ್ನರ್ ಹಚ್ಚಿದರೆ ಮೇಲಿನ ಪದರವಷ್ಟೇ ಬಿಡುತ್ತದೆ ಎನ್ನುವವರಿದ್ದಾರೆ. ಅದಕ್ಕೆ ಮೇಲಿನದು, ಕೆಳಗಿನದು ಎಂಬ ಭೇದ ತಿಳಿಯದು.

ಹಾಗಾದರೆ ಏನು ಮಾಡಬೇಕು? ಹೆಚ್ಚೇನೂ ಇಲ್ಲ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಧೂಳು ಒರೆಸಿ. ಬಣ್ಣ ಏಳುತ್ತಿರುವ ಕಡೆ ಅದನ್ನೂ ಮಾಡಬೇಡಿ. ತಕ್ಷಣ ಒಣಗಿಸಿ. ತುಕ್ಕು ಕಂಡರೆ ಗಾಬರಿ ಬೇಡ. ಒಣ ಜಾಗದಲ್ಲಿದ್ದರೆ ಅದು ಸುಮ್ಮನಿರುತ್ತದೆ. ಪುಡಿಪುಡಿಯಾಗಿ ಉದುರುತ್ತಿದ್ದರೆ ತಿಳಿದವರಿಗೆ ತೋರಿಸಿ, ಏಕೆಂದರೆ ಪ್ರತಿ ತಗಡಿನ ಸ್ಥಿತಿಯೂ ಬೇರೆ, ನೋಡದೆ ನಾನೂ ಮಾತು ಕೊಡಲಾರೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ, ಇದರಲ್ಲಿ ನಾನು ವಕೀಲನಲ್ಲ. ಕೂಡಿಟ್ಟ ಫಲಕವನ್ನು ತಮಾಷೆಗೂ ಓಡುವ ಗಾಡಿಗೆ ಬಿಗಿಯಬೇಡಿ. ಐವತ್ತು ವರ್ಷ ದಾಟಿದ ಗಾಡಿಗಳು ತಮ್ಮ ಹಳೆಯ ನಂಬರನ್ನೇ ಉಳಿಸಿಕೊಳ್ಳಲು 2021ರ ವಿಂಟೇಜ್ ನಿಯಮಗಳಲ್ಲಿ ಅವಕಾಶವಿದೆ. ಆದರೆ ಅದು ಆ ಗಾಡಿಗೆ ಸಂಬಂಧಿಸಿದ್ದು, ಗುಜರಿಯಲ್ಲಿ ಸಿಕ್ಕ ತಗಡಿಗಲ್ಲ.

ಚಹಾ ಮುಗಿದ ಮೇಲೆ ನಿಪ್ಪಾಣಿಯವರಿಗೆ ಟಾರ್ಚ್ ಹಿಡಿದು ತೋರಿಸಿದೆ. ಬಲಗಡೆ ಕೆಳಗಿನ ನಂಬರಿನ ಕೊನೆಯ ಎರಡು ಅಂಕಿಗಳು ನೆರಳಿನಲ್ಲಿ ಮೂಡಿದವು. ಎಡಗಡೆ ಏನೂ ಇರಲಿಲ್ಲ. “ಗಾಡಿಯನ್ನು ಕೊಲ್ಹಾಪುರದಿಂದ ತಂದದ್ದು ಎಂದು ಅವ್ವ ಹೇಳುತ್ತಿದ್ದಳು” ಎಂದು ಅವರು ಸುಮ್ಮನಾದರು. ನನಗೆ ಬೈಯುವುದಾಗಲಿಲ್ಲ. ಮೇಲಿನ ನಂಬರಿನಲ್ಲಿ ಉಳಿದಿದ್ದ 2ರ ಬಾಲ ತುಸು ಮೇಲೆದ್ದಿತ್ತು. ಹಾಗೆ ಬರೆಯುತ್ತಿದ್ದವರು ನನಗೆ ಕುಂಚ ಹಿಡಿಯಲು ಕಲಿಸಿದ ಗುರುಗಳು. ಹಳೆಯದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಗೋಡೆಗೆ ಬೇಕೆಂದಿದ್ದರಲ್ಲ, ಹೊಸ ತಗಡಿನ ಮೇಲೆ ಅದೇ ನಂಬರ್ ಬರೆದುಕೊಟ್ಟೆ. 2ರ ಬಾಲವನ್ನು ಮಾತ್ರ ಮೇಲೆತ್ತಲಿಲ್ಲ.