ರಾಜ್ಯ ಹೋದ ಮೇಲೆ ವಿಸಿಗೋಥರ ಸಣ್ಣ ಸರದಾರರು ಫ್ರಾಂಕರ ನಾಡಿನಲ್ಲಿ ಹೇಗೆ ಬದುಕಿದರು?

ಸ್ಪೇನಿನ ಇತಿಹಾಸ ಓದುವವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ವಿಸಿಗೋಥರು ಅಂದರೆ ಆಗ ಸ್ಪೇನ್ ಆಳುತ್ತಿದ್ದ ಜರ್ಮಾನಿಕ್ ಜನ. 711ರಲ್ಲಿ ಅವರ ರಾಜ ರೊಡೆರಿಕ್ ಅರಬ್ ಮತ್ತು ಉತ್ತರ ಆಫ್ರಿಕಾದ ಬರ್ಬರ್ ಸೈನ್ಯದ ಎದುರು ಸೋತ. ಕೆಲವೇ ವರ್ಷಗಳಲ್ಲಿ ರಾಜ್ಯವೇ ಇಲ್ಲವಾಯಿತು. ಹೆಚ್ಚಿನ ಪುಸ್ತಕಗಳು ಅಲ್ಲಿಗೇ ಅವರ ಕಥೆ ಮುಗಿಸಿಬಿಡುತ್ತವೆ. ಆದರೆ ಜನ ಎಲ್ಲೋ ಹೋಗಿರಲೇಬೇಕು, ಅಲ್ವಾ? ಒಂದು ಕುದುರೆ, ಒಂದಷ್ಟು ಆಳು ಬಿಟ್ಟರೆ ಬೇರೇನೂ ಇಲ್ಲದ ಸಣ್ಣ ಸರದಾರರು ಏನಾದರು?

ಉತ್ತರಕ್ಕೆ ಒಬ್ಬನ ಕಥೆ ಹೇಳುತ್ತೇನೆ. ಅವನ ಹೆಸರು ಯೊಹಾನ್ನೆಸ್. ಇಂದಿನ ಫ್ರಾನ್ಸ್ ಕಡೆ ಆಳುತ್ತಿದ್ದ ಫ್ರಾಂಕರ ದೊರೆ ಶಾರ್ಲಮೇನ್ 795ರ ಮಾರ್ಚ್‌ನಲ್ಲಿ ಅವನಿಗೆ ಒಂದು ಹಕ್ಕುಪತ್ರ ಕೊಟ್ಟ. ಆ ಪತ್ರದ ಒಕ್ಕಣೆ ಇವತ್ತಿಗೂ ಉಳಿದಿದೆ.

ಅದರಲ್ಲಿರುವ ಸಂಗತಿ ಇದು. ಬಾರ್ಸಿಲೋನಾ ಸೀಮೆಯ 'ಸೇತುವೆಯ ಹತ್ತಿರ' ಎಂಬ ಜಾಗದಲ್ಲಿ ಯೊಹಾನ್ನೆಸ್ ಮುಸ್ಲಿಂ ಪಡೆಯೊಂದನ್ನು ಸೋಲಿಸಿದ. ಕೊಳ್ಳೆ ಸಿಕ್ಕಿತು. ಅದರಲ್ಲಿ ಆಯ್ದು ಮೂರು ವಸ್ತುಗಳನ್ನು ಶಾರ್ಲಮೇನ್‌ನ ಮಗ ಲೂಯಿಗೆ ಕಾಣಿಕೆ ಕೊಟ್ಟ. ಲೂಯಿ ಆಗಿನ್ನೂ 17 ತುಂಬದ ಹುಡುಗ, ಆದರೂ ನೈಋತ್ಯ ಫ್ರಾನ್ಸಿನ ಅಕ್ವಿಟೇನ್‌ಗೆ ರಾಜ. ಕಾಣಿಕೆ ಏನೆಂದರೆ ಒಂದು ಉತ್ತಮ ಕುದುರೆ, ಒಂದು ಉತ್ತಮ ಕವಚ, ಬೆಳ್ಳಿ ಕಟ್ಟಿದ ಒರೆಯ ಜೊತೆ ಒಂದು ಕತ್ತಿ. ಆ ಕತ್ತಿಯನ್ನು ಲ್ಯಾಟಿನ್ ಪತ್ರ 'ಸ್ಪಾತಾ ಇಂಡಿಯಾ' ಎಂದು ಕರೆಯುತ್ತದೆ. ಅಂದರೆ ಭಾರತದ ಕತ್ತಿ!

ಮೊದಲ ಸಲ ಇದನ್ನು ಓದಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಅರಬರಿಗೆ ನಮ್ಮ ಕಡೆಯ ಉಕ್ಕಿನ ಮೇಲೆ ತುಂಬ ಮೋಹವಿತ್ತು. ಭಾರತದ ಉಕ್ಕಿನ ಕತ್ತಿಗೆ ಅವರ ಭಾಷೆಯಲ್ಲಿ 'ಮುಹನ್ನದ್' ಎಂಬ ಪದವೇ ಇದೆ. ಆ ಉಕ್ಕಿಗೆ ಇಂಗ್ಲಿಷರು ಬಹಳ ಕಾಲದ ನಂತರ ಇಟ್ಟ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅಂಥ ಹೆಸರು ಹೊತ್ತ ಕತ್ತಿಯೊಂದು ಪಿರೆನೀಸ್ ಬೆಟ್ಟಗಳ ಆಚೆ, ಒಬ್ಬ ಹುಡುಗ ರಾಜನ ಕೈ ಸೇರಿತು.

ಕಾಣಿಕೆಯ ಬೆಲೆ ಸಣ್ಣದಲ್ಲ. ಫ್ರಾಂಕರ ಒಂದು ಕಾನೂನಿನಲ್ಲಿ ಕವಚಕ್ಕೆ 12 ಸಾಲಿಡಸ್ ನಾಣ್ಯ, ಒರೆ ಸಮೇತ ಕತ್ತಿಗೆ 7, ಒಂದು ಎತ್ತಿಗೆ 2 ಎಂದು ಲೆಕ್ಕ ಹಿಡಿದಿದ್ದಾರೆ. ಕವಚ ಒಂದೇ ಆರು ಎತ್ತಿಗೆ ಸಮ. ಇಷ್ಟೆಲ್ಲ ಕೊಟ್ಟು ಯೊಹಾನ್ನೆಸ್ ಕೇಳಿದ್ದು ಉಳುವುದಕ್ಕೆ ಒಂದು ಬೀಳು ಜಮೀನು! ಇಂದಿನ ದಕ್ಷಿಣ ಫ್ರಾನ್ಸಿನ ನಾರ್ಬೋನ್ ಸೀಮೆಯಲ್ಲಿ, ಜನ ಬಿಟ್ಟುಹೋದ ಫೋಂತೆಸ್ ಎಂಬ ಹಳ್ಳಿ.

ಆ ಸೀಮೆ ಹಾಗೆ ಪಾಳು ಬಿದ್ದದ್ದು ಸುಮ್ನೆ ಅಲ್ಲ. 759ರಲ್ಲಿ ನಾರ್ಬೋನ್ ಮುಸ್ಲಿಮರಿಂದ ಫ್ರಾಂಕರ ಕೈಗೆ ಬಂತು. ಅಲ್ಲಿನ ಗೋಥರು ತಮ್ಮ ಕಾನೂನು ತಮಗೇ ಇರಲಿ ಎಂಬ ಮಾತು ಪಡೆದುಕೊಂಡು ಊರ ಬಾಗಿಲು ತೆರೆದರು. 778ರಲ್ಲಿ ಶಾರ್ಲಮೇನ್ ಸ್ಪೇನಿಗೆ ದಂಡೆತ್ತಿ ಹೋಗಿ ಬರಿಗೈಲಿ ಮರಳಿದ. 793ರಲ್ಲಿ ಸ್ಪೇನಿನ ಮುಸ್ಲಿಂ ದೊರೆಯ ರಾಜಧಾನಿ ಕಾರ್ಡೋಬಾದ ಸೈನ್ಯ ನಾರ್ಬೋನ್ ತನಕ ನುಗ್ಗಿ ಬಂತು. ಹೀಗೆ ದಂಡು ಹಾದುಹೋಗುವ ದಾರಿಯಲ್ಲಿ ಯಾರು ತಾನೇ ಬೇಸಾಯ ಮಾಡುತ್ತಾರೆ? ದಕ್ಷಿಣದಿಂದ ಓಡಿಬಂದವರಿಗೆ ಖಾಲಿ ನೆಲ ಬೇಕಿತ್ತು. ದೊರೆಗೆ ಗಡಿಯಲ್ಲಿ ಕತ್ತಿ ಹಿಡಿಯುವ ಜನ ಬೇಕಿತ್ತು. ಹೀಗೆ ಬಂದವರನ್ನು ಫ್ರಾಂಕರು 'ಹಿಸ್ಪಾನಿ' ಎಂದರು. ಅವರು ಬೀಳು ಹಸನು ಮಾಡಿ ಹಿಡಿದ ನೆಲಕ್ಕೆ 'ಅಪ್ರಿಸಿಯೊ' ಎಂದು ಹೆಸರು.

ಲೂಯಿ ಕೊಟ್ಟ ಪತ್ರ ಹಿಡಿದು ಯೊಹಾನ್ನೆಸ್ ಶಾರ್ಲಮೇನ್‌ನ ಬಳಿಗೇ ಹೋದ. ಜೋಡಿಸಿದ ಕೈಗಳನ್ನು ದೊರೆಯ ಎರಡು ಕೈಗಳ ನಡುವೆ ಇಟ್ಟು, ಇನ್ನು ನಾನು ನಿಮ್ಮವನು ಎಂದು ಒಪ್ಪಿಕೊಳ್ಳುವುದು ಅಲ್ಲಿನ ಪದ್ಧತಿ. ಅವನೂ ಹಾಗೆಯೇ ಮಾಡಿದ. ಫೋಂತೆಸ್ ಅವನದಾಯಿತು. ಜೊತೆಗೆ ಫೋಂಜೊಂಕೂಸ್ ಎಂಬಲ್ಲಿ ಅವನೂ ಅವನ ಜನರೂ ಹಸನು ಮಾಡಿದ ನೆಲವೂ ಸೇರಿತು. ಆ ಹೆಸರಿನ ಅರ್ಥ ಜೊಂಡು ಬೆಳೆದ ಚಿಲುಮೆ ಎಂದು. ಕಂದಾಯ ಇಲ್ಲ, ಕಿರುಕುಳ ಇಲ್ಲ. ದೊರೆಗೂ ಅವನ ಮಕ್ಕಳಿಗೂ ನಿಷ್ಠೆಯಿಂದ ಇರಬೇಕು ಎಂಬುದೊಂದೇ ಷರತ್ತು.

ಕಾಗದದ ಮೇಲೆ ಎಲ್ಲ ಸರಿ. ನೆಲದ ಮೇಲೆ ಹಾಗಿರಲಿಲ್ಲ. ಬೀಳು ಬಿದ್ದಿದ್ದಾಗ ಯಾರಿಗೂ ಬೇಡವಾಗಿದ್ದ ಭೂಮಿ, ಬೆಳೆ ತೆಗೆದ ಮೇಲೆ ಎಲ್ಲರಿಗೂ ಬೇಕಾಯಿತು. ಸೀಮೆ ಆಳುವ ಕೌಂಟ್‌ಗಳು ತೆರಿಗೆ ಕೇಳಿದರು, ಜಮೀನು ಕಿತ್ತುಕೊಂಡರು. 812ರಲ್ಲಿ 42 ಹಿಸ್ಪಾನಿಗಳು ಶಾರ್ಲಮೇನ್‌ಗೆ ದೂರು ಕೊಟ್ಟರು. ಆ ಪಟ್ಟಿಯಲ್ಲಿ ಕ್ವಿಂತಿಲ, ಅತಿಲ ಎಂಬ ಗೋಥ್ ಹೆಸರುಗಳ ಜೊತೆ ಝೊಲೇಮಾನ್, ಅಂದರೆ ಸುಲೇಮಾನ್ ಎಂಬ ಹೆಸರೂ ಇದೆ. ಯೊಹಾನ್ನೆಸ್ ಎಂಬ ಹೆಸರೂ ಇದೆ. 30 ವರ್ಷದಿಂದ ಅವರ ಅನುಭವದಲ್ಲಿರುವ ಭೂಮಿಯನ್ನು ಮುಟ್ಟಬೇಡಿ ಎಂದು ದೊರೆ ಎಂಟು ಕೌಂಟ್‌ಗಳಿಗೆ ಬರೆದ.

ಶಾರ್ಲಮೇನ್ 814ರಲ್ಲಿ ತೀರಿಕೊಂಡ. ಮರುವರ್ಷವೇ ಯೊಹಾನ್ನೆಸ್ ಹಳೆಯ ಪತ್ರ ಹಿಡಿದು ಹೊಸ ಚಕ್ರವರ್ತಿಯ ಮುಂದೆ ಹಾಜರು. ಆ ಚಕ್ರವರ್ತಿ ಹಿಂದೆ ಕತ್ತಿ ಪಡೆದಿದ್ದ ಅದೇ ಲೂಯಿ. ಈ ಸಲ ತನ್ನ ನೆಲದಲ್ಲಿರುವ ಜನರ ವ್ಯಾಜ್ಯ ತೀರಿಸುವ ಅಧಿಕಾರವೂ ಯೊಹಾನ್ನೆಸ್‌ಗೆ ಸಿಕ್ಕಿತು. 844ರಲ್ಲಿ ಲೂಯಿಯ ಮಗ ಬೋಳು ಚಾರ್ಲ್ಸ್ ಟುಲೂಸ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದ. ಆಗ ಯೊಹಾನ್ನೆಸ್‌ನ ಮಗ ತೆಯುದೆಫ್ರೆದ್ ಅದೇ ಭೂಮಿಗೆ ಮತ್ತೊಂದು ಪತ್ರ ಮಾಡಿಸಿಕೊಂಡ. ಅಪ್ಪನದು ಬೈಬಲ್ಲಿನ ಹೆಸರು, ಮಗನದು ಅಪ್ಪಟ ಗೋಥ್ ಹೆಸರು. ರಾಜ್ಯ ಹೋಗಿ 130 ವರ್ಷ ಕಳೆದರೂ ಮನೆಯಲ್ಲಿ ಆ ಹೆಸರು ಹೋಗಿರಲಿಲ್ಲ.

ಹಾಗಾದರೆ ಹೇಗೆ ಬದುಕಿದರು? ಕತ್ತಿಯಿಂದ ಪರಿಚಯ ಗಳಿಸಿ, ಗುದ್ದಲಿಯಿಂದ ನೆಲ ಗಳಿಸಿ, ದೊರೆ ಬದಲಾದಾಗಲೆಲ್ಲ ಪತ್ರ ಹೊಸದು ಮಾಡಿಸಿ. ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಅದು ಎಲ್ಲರಿಗೂ ಎಟುಕಲಿಲ್ಲ ಎಂಬುದನ್ನೂ ಹೇಳಲೇಬೇಕು. 816ರ ಫೆಬ್ರವರಿಯಲ್ಲಿ ಲೂಯಿ ಇನ್ನೊಂದು ಆದೇಶ ಹೊರಡಿಸಬೇಕಾಯಿತು. ಹಿಸ್ಪಾನಿಗಳಲ್ಲೇ ದೊಡ್ಡವರು ಅರಮನೆಗೆ ಹೋಗಿ ಪತ್ರ ತಂದಿದ್ದರು. ಅದನ್ನೇ ತೋರಿಸಿ, ತಮ್ಮ ಜೊತೆ ಬಂದು ನೆಲ ಹಸನು ಮಾಡಿದ ಬಡವರನ್ನು ಓಡಿಸಲು ಹೊರಟಿದ್ದರು. ದುಡಿದವರ ನೆಲ ದುಡಿದವರಿಗೇ ಇರಲಿ ಎಂದ ಲೂಯಿ, ಆದೇಶದ ಪ್ರತಿಗಳನ್ನು ನಾರ್ಬೋನ್, ಬಾರ್ಸಿಲೋನಾ ಸೇರಿ ಏಳು ಊರುಗಳಲ್ಲಿ ಇಡಿಸಿದ. ಫೋಂಜೊಂಕೂಸ್‌ನಲ್ಲಿ ಮುಳ್ಳು ಸವರಿ, ಕಲ್ಲು ಆರಿಸಿ, ನೇಗಿಲು ಹೂಡಿದ ಜನರನ್ನು ಹುಡುಕಿದರೆ, ಯೊಹಾನ್ನೆಸ್‌ನ ಹಕ್ಕುಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಎರಡೇ ಪದ: 'ಅವನ ಜನ'.